ಮೂರು ತಾಲೂಕಿನ ಬಾವಿಗಳು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಳಂದದ ಅರ್ಧ ಊರು ಹೇಳುತ್ತದೆ. ಉಳಿದ ಅರ್ಧ ಊರಿಗೆ ನನ್ನ ಹತ್ತಿರ ಇನ್ನೂ ಕೆಲಸ ಬಿದ್ದಿಲ್ಲ, ಅಷ್ಟೇ. ಬಸ್ ಸ್ಟ್ಯಾಂಡಿನ ಎದುರು ‘ಶಿವಕಾಂತಾ ಡಿಟಿಪಿ ಸೆಂಟರ್’ ಎಂಬ ಹಸಿರು ಬೋರ್ಡು ಇದೆಯಲ್ಲ, ಅದು ನನ್ನದು. ನಾನು ಹೇಳುತ್ತಿರುವುದು ಹೋದ ವರ್ಷದ, ಅಂದರೆ ತೊಂಬತ್ತೊಂಬತ್ತನೇ ಇಸವಿಯ ಮಾತು. ಆಗ ಬಸ್ ಸ್ಟ್ಯಾಂಡಿನ ಸುತ್ತ ಕನ್ನಡ ಟೈಪ್ ಮಾಡುವ ಕಂಪ್ಯೂಟರು ಇದ್ದದ್ದು ನನ್ನದೊಂದೇ. ಲಗ್ನಪತ್ರಿಕೆ, ಕೋರ್ಟಿನ ಅರ್ಜಿ, ಶ್ರದ್ಧಾಂಜಲಿ, ಎಲ್ಲವೂ ನನ್ನ ಕೈಯಿಂದಲೇ ಆಗಬೇಕು. ಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿದೆ ಎಂದು ಜಗಳಕ್ಕೆ ಬಂದವರ ಮುಖಕ್ಕೆ ಅವರೇ ಬರೆದುಕೊಟ್ಟ ಚೀಟಿ ಹಿಡಿಯುತ್ತಿದ್ದೆ. ತೆಪ್ಪಗೆ ಹೋಗುತ್ತಿದ್ದರು. ಒಟ್ಟಿನಲ್ಲಿ ನನಗೆ ಸೊಕ್ಕು ಬಂದಿತ್ತು. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮ ಓಣಿಯ ದೌಲತರಾಯ ಕಾಕಾ ಒಂದು ಗೋಣಿಚೀಲ ಹೊತ್ತುಕೊಂಡು ಅಂಗಡಿಗೆ ಬಂದರು. ಅವರದು ಸರಕಾರಿ ನೌಕರಿಯಾಗಿತ್ತು, ಬಾವಿಗಳಲ್ಲಿ ನೀರು ಎಷ್ಟು ಕೆಳಗಿದೆ ಎಂದು ಅಳೆಯುವ ಕೆಲಸ. ಸರಕಾರ ಅಳೆಯಲು ಹೇಳಿದ್ದು ತಾಲೂಕಿಗೆ ಹತ್ತಿಪ್ಪತ್ತು ಬಾವಿ. ಈ ಮನುಷ್ಯ ದಾರಿಯಲ್ಲಿ ಕಂಡ ಬಾವಿಯನ್ನೆಲ್ಲ ಅಳೆದಿದ್ದರು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕು, ಇಪ್ಪತ್ತಾರು ವರ್ಷ, ಒಂದೇ ಸೈಕಲ್ಲು. ಮೊಳಕ್ಕೊಂದು ಗಂಟು ಹಾಕಿದ ಹಗ್ಗ, ಅದರ ತುದಿಗೆ ಕಬ್ಬಿಣದ ಗುಂಡು. ಗುಂಡು ನೀರಿಗೆ ತಾಕಿದ ಸದ್ದು ಕೇಳಿ ಗಂಟು ಎಣಿಸುವುದು, ಆಮೇಲೆ ನೀರು ಸೇದಿ ಒಂದು ಬೊಗಸೆ ಕುಡಿಯುವುದು, ಬರೆದುಕೊಳ್ಳುವುದು. ಹೀಗೆ ಒಂಬತ್ತು ವಹಿ ತುಂಬಿದ್ದವು, ತಾಲೂಕಿಗೆ ಮೂರರಂತೆ.

ಒಂದನ್ನು ತೆರೆದು ನೋಡಿದೆ. ‘ಕಡಗಂಚಿ. ಹೂಗಾರರ ಬಾವಿ. ಇಪ್ಪತ್ತೆರಡು ಮೊಳ. ಸಿಹಿ. ಮೂರನೇ ಮೆಟ್ಟಿಲು ಸಡಿಲು, ಜೋಕೆ. ಅಳೆದವನು ದೌಲತರಾಯ.’ ಇನ್ನೊಂದರಲ್ಲಿ, ‘ಕರಜಗಿ. ಹೊಲದ ಬಾವಿ. ಹದಿನಾಲ್ಕು ಮೊಳ. ಸವಳು. ಈ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಅಳೆದವನು ದೌಲತರಾಯ.’

ಎಲ್ಲರೂ ಬೋರ್ ಹೊಡೆಸುತ್ತಿದ್ದಾರೆ, ಹಳೆ ಬಾವಿಗಳಿಗೆ ಕಸ ತುಂಬುತ್ತಿದ್ದಾರೆ ಎಂದು ಕಾಕಾ ಹೇಳಿದರು. ಮುಂದೊಂದು ದಿನ ಯಾರಿಗಾದರೂ ಸಿಹಿನೀರು ಬೇಕಾದರೆ ಎಲ್ಲಿ ಅಗೆಯಬೇಕೆಂದು ತಿಳಿಯಲು ಒಂದು ಪುಸ್ತಕ ಇರಲಿ ಎಂಬುದು ಅವರ ಆಸೆ. ಸಕ್ಕರೆ ಬೇನೆ ಅವರ ಕಣ್ಣಿಗೆ ಇಳಿದಿತ್ತು. ಸೊಲ್ಲಾಪುರದ ಡಾಕ್ಟರು ಎರಡು ವರ್ಷಕ್ಕಿಂತ ಹೆಚ್ಚು ಭರವಸೆ ಕೊಟ್ಟಿರಲಿಲ್ಲ. ಕಣ್ಣು ಇರುವಾಗಲೇ ಪುಸ್ತಕ ನೋಡಬೇಕು, ಇನ್ನೊಮ್ಮೆ ಬರೆಯಲು ತನ್ನಿಂದ ಆಗದು ಎಂದರು.

ಟೈಪ್ ಮಾಡಲು ಕುಳಿತೆ. ಎರಡನೇ ದಿನವೇ ಜಗಳ. ಪ್ರತಿ ಬಾವಿಗೂ ‘ಅಳೆದವನು ದೌಲತರಾಯ’ ಎಂದು ಹೊಡೆಯಲು ನನಗೇನು ಹುಚ್ಚೇ? ಮೊದಲ ಪುಟದಲ್ಲಿ ಒಮ್ಮೆ ಹಾಕಿದರೆ ಸಾಲದೇ ಎಂದು ಕೇಳಿದೆ. ಪರದೆಗೆ ಮೂಗು ತಾಗಿಸಿ ಅಕ್ಷರ ನೋಡುತ್ತಿದ್ದ ಕಾಕಾ ತಲೆ ಎತ್ತಿದರು.

"ಹೆಸರು ಬಿಡಬ್ಯಾಡ ತಂಗಿ. ಯಾರು ಅಳದಾರ ಅನ್ನೋದು ಇಲ್ಲಂದ್ರ, ನಾಳೆ ತಪ್ಪು ಸಿಕ್ರ ಯಾರನ್ನ ಕೇಳಬೇಕು?"

ನಾನು ಗೊಣಗುತ್ತಲೇ ಹೊಡೆದೆ. ಸಾವಿರಕ್ಕೂ ಮಿಕ್ಕಿದ ಬಾವಿಗಳು. ನನ್ನ ಬೆರಳಿಗೆ ಆ ಎರಡು ಪದ ಉಸಿರಾಟದಷ್ಟು ರೂಢಿಯಾಗಿ, ಒಂದು ಲಗ್ನಪತ್ರಿಕೆಯ ಕೊನೆಗೂ ‘ಅಳೆದವನು ದೌಲತರಾಯ’ ಎಂದು ಹೊಡೆದಿಟ್ಟಿದ್ದೆ. ಪುಣ್ಯಕ್ಕೆ ಅಚ್ಚಿಗೆ ಹೋಗುವ ಮೊದಲು ಕಣ್ಣಿಗೆ ಬಿತ್ತು.

ಆಳಂದ, ಅಫಜಲಪುರ ಮುಗಿದಾಗ ಆಷಾಢ ಏಕಾದಶಿ. ಒಂದೆರಡು ಪುಟ ಹೇಗೆ ಕಾಣುತ್ತವೆ ಎಂದು ಚೆನ್ನಾಗಿ ಪ್ರಿಂಟ್ ತೆಗೆಸಿ ನೋಡಲು, ಟೈಪ್ ಮಾಡಿದ್ದನ್ನು ತುಂಬಿದ ಫ್ಲಾಪಿ ಹಿಡಿದುಕೊಂಡು ಗುಲಬರ್ಗಾಕ್ಕೆ ಹೋದೆ. ಅಲ್ಲಿ ವ್ಯಂಕಟೇಶನ ಅಂಗಡಿ. ನನ್ನ ಜೊತೆ ಕಂಪ್ಯೂಟರ್ ಕಲಿತವನು, ನನಗಿಂತ ನಾಲ್ಕು ವರ್ಷ ಚಿಕ್ಕವನು, ಮಾತು ಮಾತ್ರ ಅಜ್ಜನದು. ಹೊಸದಾಗಿ ಇಂಟರ್ನೆಟ್ ಹಾಕಿಸಿಕೊಂಡು ಕಂಡಕಂಡವರಿಗೆಲ್ಲ ಅದರ ಮಹಿಮೆ ಹೇಳುತ್ತಿದ್ದ. ಫ್ಲಾಪಿ ನೋಡಿದ್ದೇ ತಡ, ಇದರ ಒಂದು ಪ್ರತಿಯನ್ನು ಈಮೇಲಿನಲ್ಲಿ ನಿನಗೆ ನೀನೇ ಕಳಿಸಿಕೊಂಡು ಇಡು ಎಂದು ಗಂಟುಬಿದ್ದ. ಫೋನಿನ ತಂತಿಯಲ್ಲಿ ಹೋಗುತ್ತದಂತೆ, ಅಮೆರಿಕದಲ್ಲಿ ಯಾವುದೋ ದೊಡ್ಡ ಯಂತ್ರದಲ್ಲಿ ಕುಳಿತಿರುತ್ತದಂತೆ, ಬೇಕಾದಾಗ ಯಾವ ಊರಿನಿಂದಾದರೂ ತೆಗೆಯಬಹುದಂತೆ. ಅಮೆರಿಕದವರಿಗೆ ಕರಜಗಿಯ ಸವಳು ನೀರು ಕಟ್ಟಿಕೊಂಡು ಏನಾಗಬೇಕು ಎಂದು ಕೇಳಿದೆ. ಅವನು ಕೇಳಬೇಕಲ್ಲ! ನನ್ನ ಹೆಸರಿನಲ್ಲಿ ಒಂದು ಪೆಟ್ಟಿಗೆ ತೆರೆದು, ಎರಡೂ ತಾಲೂಕನ್ನು ಅದರೊಳಗೆ ಕಳಿಸಲು ಒಂದು ತಾಸಿನ ಮೇಲೆ ಕೂರಿಸಿದ. ಲೈನು ಎರಡು ಸಲ ಕಡಿಯಿತು. ಕೊನೆಗೆ ಪೆಟ್ಟಿಗೆಯ ಹೆಸರನ್ನೂ ಗುಪ್ತಪದವನ್ನೂ ನನ್ನ ಡೈರಿಯಲ್ಲಿ ತಾನೇ ಬರೆದು ಒಂದು ಎಚ್ಚರಿಕೆ ಕೊಟ್ಟ. ತೊಂಬತ್ತು ದಿನಕ್ಕೆ ಒಮ್ಮೆಯಾದರೂ ತೆರೆದು ನೋಡಬೇಕು, ಇಲ್ಲದಿದ್ದರೆ ಒಳಗಿನದೆಲ್ಲ ಅಳಿಸಿಬಿಡುತ್ತಾರೆ. ಇದೇನು ಬಾಡಿಗೆ ಮನೆಯೇ ಎಂದು ಬೈದು ಬಂದೆ. ಆಳಂದಕ್ಕೆ ಬಂದ ಮೇಲೂ ಒಂದು ವಾರ ಸಿಕ್ಕವರ ಮುಂದೆಲ್ಲ ಅವನನ್ನು ಬೈಯುತ್ತಿದ್ದೆ. ಆಮೇಲೆ ಮರೆತೆ.

ಜೇವರ್ಗಿಯ ಮೂರು ವಹಿ ಮುಗಿದಾಗ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು. ಗೋಣಿಚೀಲ ಕಟ್ಟುತ್ತಾ ಕಾಕಾ, ಈ ವಹಿಗಳನ್ನು ಇನ್ನೇನು ಮಾಡಲಿ ಎಂದು ಕೇಳಿದರು. ಮನೆಯಲ್ಲಿ ಇಲಿ ಕಾಟ, ಗುರುಬಾಯಿ ಕಾಕಿ ಕೂಗಾಡುತ್ತಿದ್ದರು. ಆಗ ನಾನು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

"ಇನ್ನ ಯಾಕ ಬೇಕ್ರಿ ಕಾಕಾ ಅವು? ಕಂಪ್ಯೂಟರಿನಾಗ ಅವ, ಫ್ಲಾಪಿನಾಗ ಅವ. ಇನ್ನ ಎಲ್ಲಿ ಹೋಗ್ತಾವ?"

ರದ್ದಿಗೆ ಹಾಕಲು ಅವರಿಗೆ ಮನಸ್ಸಾಗಲಿಲ್ಲ. ಪ್ರತಿ ವಹಿಯ ಮೊದಲ ಪುಟದಲ್ಲೂ ‘ಶ್ರೀ ಗುರುಬಸವಲಿಂಗಾಯ ನಮಃ’ ಎಂದು ಬರೆದಿತ್ತು. ಅದರಲ್ಲಿ ಯಾರೋ ಶೇಂಗಾ ಕಟ್ಟಿ, ಇನ್ಯಾರೋ ತುಳಿದರೆ? ನಮ್ಮಲ್ಲಿ ಇಂಥ ಕಾಗದಕ್ಕೆ ಇರುವುದು ಒಂದೇ ದಾರಿ. ಅಮಾವಾಸ್ಯೆಗೆ ಗಂಡ ಹೆಂಡತಿ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋದರು. ಒಂಬತ್ತೂ ವಹಿಗಳನ್ನು ಹೊಸ ಬಟ್ಟೆಯಲ್ಲಿ ಕಟ್ಟಿ, ಅರಿಶಿನ ಕುಂಕುಮ ಹಚ್ಚಿ, ಭೀಮಾ ನದಿಯಲ್ಲಿ ಬಿಟ್ಟರು. ನೀರಿನದು ನೀರಿಗೆ ಸೇರಿತು ಎಂದು ಕಾಕಾ ತೃಪ್ತಿಯಿಂದ ಹೇಳಿದರು. ನಾನು ಪ್ರಸಾದ ತಿಂದೆ.

ಒಂಬತ್ತು ದಿನ ಕಳೆದು ಮಹಾನವಮಿ ಬಂತು. ಕಾಯಕದ ಸಾಮಾನಿಗೆ ಪೂಜೆ ಮಾಡುವ ದಿನ. ನನ್ನದು ಪೂಜೆಯೆಂದರೆ ಹಾಗೆ ಹೀಗೆ ಅಲ್ಲ. ಕಂಪ್ಯೂಟರಿಗೆ ಮೂರು ಬೆರಳಿನ ವಿಭೂತಿ, ಚೆಂಡುಹೂವಿನ ಮಾಲೆ. ಫ್ಲಾಪಿಗಳನ್ನು ತಟ್ಟೆಯಲ್ಲಿ ಜೋಡಿಸಿದೆ. ಹೊರಗಿನ ಪ್ಲಾಸ್ಟಿಕ್ಕಿಗೆ ವಿಭೂತಿ ಹಚ್ಚಿ ಏನು ಬಂತು, ಕೆಲಸ ಮಾಡುವುದು ಒಳಗಿರುವ ಕರಿ ಹಾಳೆಯಲ್ಲವೇ ಎಂದು ನನ್ನ ಬುದ್ಧಿ ಓಡಿತು. ಒಂದೊಂದರ ತಗಡಿನ ಬಾಗಿಲನ್ನೂ ಸರಿಸಿ, ಒಳಗೆ ಒದ್ದೆ ವಿಭೂತಿಯ ಬೆರಳು ಆಡಿಸಿದೆ. ಹದಿನಾಲ್ಕು ಫ್ಲಾಪಿ, ಒಂದನ್ನೂ ಬಿಡಲಿಲ್ಲ. ಆಮೇಲೆ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆಯೇ ತೆಂಗಿನಕಾಯಿ ಹಿಡಿದು ಒಡೆದೆ. ನೀರು ಚಿಮ್ಮಿತು. ಒಳ್ಳೇ ಕಾಯಿ ಎಂದು ಖುಷಿಪಟ್ಟೆ. ಮರುದಿನ ಹೊಸ ಸೀರೆ ಉಟ್ಟು ಕಾಕಾನ ಮನೆಗೆ ಹೋಗಿ ಬನ್ನಿ ಕೊಟ್ಟು ಕಾಲು ಮುಟ್ಟಿದೆ. ದೀಪಾವಳಿಯೊಳಗೆ ಪುಸ್ತಕ ಅಚ್ಚಿಗೆ ಹೋಗುತ್ತದೆ ಎಂದೂ ಹೇಳಿದೆ.

ಮೂರನೇ ದಿನ ಬೆಳಿಗ್ಗೆ ಸ್ವಿಚ್ ಹಾಕಿದೆ. ಢಬ್ ಎಂದಿತು. ಸುಟ್ಟ ವಾಸನೆ. ಎದುರಿನ ಟಿವಿ ರಿಪೇರಿಯವರು ಬಂದು ಪೆಟ್ಟಿಗೆ ಬಿಚ್ಚಿದರು. ತೆಂಗಿನ ನೀರು ಒಳಗೆ ಅಂಟಂಟಾಗಿ ಒಣಗಿತ್ತು. ಎಲ್ಲವನ್ನೂ ತುಂಬಿಡುವ ಡಿಸ್ಕು ಸುಟ್ಟಿದೆ, ಇನ್ನು ಅದರಲ್ಲಿ ಏನೂ ಸಿಗುವುದಿಲ್ಲ ಎಂದರು. ಫ್ಲಾಪಿಗಳಿವೆ ಎಂದು ನಾನು ಧೈರ್ಯವಾಗಿಯೇ ಇದ್ದೆ. ತಹಶೀಲ್ ಕಚೇರಿಯ ಪರಿಚಯದವರ ಯಂತ್ರದಲ್ಲಿ ಒಂದು ಹಾಕಿದೆ, ಗರಗರ ಎಂದಿತು. ಇನ್ನೊಂದು ಹಾಕಿದೆ, ಗರಗರ. ಅವರು ಹೊರಗೆ ತೆಗೆದು, ಬಾಗಿಲು ಸರಿಸಿ ನೋಡಿ, ಏನಮ್ಮಾ ಇದು, ಬೂದಿ ಹಚ್ಚಿದವರು ಯಾರು ಎಂದು ಕೇಳಿದರು. ಹದಿನಾಲ್ಕನ್ನೂ ಬಾಚಿ ಚೀಲಕ್ಕೆ ಹಾಕಿಕೊಂಡೆ.

ನೇರವಾಗಿ ಕಾಕಾನ ಮನೆಗೆ ಹೋದೆ. ಸುಳ್ಳು ಹೇಳಿ ನಾಲ್ಕು ದಿನ ತಳ್ಳಬಹುದಿತ್ತು, ಆದರೆ ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. ಹೊಸಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ, ತೆಂಗಿನಕಾಯಿ, ವಿಭೂತಿ, ಎಲ್ಲ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಗುರುಬಾಯಿ ಕಾಕಿ ಜೋಳ ಹಸನು ಮಾಡುತ್ತಿದ್ದರು, ಅವರ ಕೈ ಮೊರದಲ್ಲೇ ನಿಂತಿತು.

"ಮೂರೂ ತಾಲೂಕು ಹೋದ್ವೇನು?" ಎಂದರು ಕಾಕಾ.

"ಮೂರೂ ಹೋದ್ವರಿ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಎದುರಿನ ಗೋಡೆ ನೋಡುತ್ತ ಕೂತರು, ಆ ಗೋಡೆಯೂ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಬಿಸಿಲಲ್ಲಿ ಸೈಕಲ್ ತುಳಿದ ಮನುಷ್ಯನ ಬದುಕನ್ನು ನಾನು ಒಂದು ಕಾಯಿ ಒಡೆದು ಮುಗಿಸಿದ್ದೆ. ಹೊಸಿಲ ಮೇಲೆ ಕೂತು ಅತ್ತುಬಿಟ್ಟೆ. ಯಾರ ಮುಂದೆಯೂ ಅತ್ತವಳಲ್ಲ ನಾನು. ಕಾಕಿ ಒಂದು ತಂಬಿಗೆ ನೀರು ತಂದು ನನ್ನ ಪಕ್ಕದಲ್ಲಿ ಇಟ್ಟರು.

ಕಾಕಾ ನನ್ನ ಕಡೆ ತಿರುಗಿದರು. "ಶಿವಕಾಂತಾ, ಏಕಾದಶಿ ದಿನ ನೀ ಕಲಬುರ್ಗಿಗಿ ಹೋಗಿದ್ದಿ. ವಾಪಸ್ ಬಂದು ವಾರಗಟ್ಲೆ ಯಾವನಿಗೋ ಬೈಲಾಕತ್ತಿದ್ದಿ. ನನ್ನ ಬಾವಿ ಒಯ್ದು ಅಮೆರಿಕಾದಾಗ ಇಟ್ಟಾನ ಅಂತಿದ್ದಿಲ್ಲ?"

ನಾನು ಕಣ್ಣು ಒರೆಸುವುದನ್ನೂ ಬಿಟ್ಟು ಅಂಗಡಿಗೆ ಓಡಿದೆ. ಡೈರಿ ತೆಗೆದೆ. ಜುಲೈ ಇಪ್ಪತ್ನಾಲ್ಕು. ಪೆಟ್ಟಿಗೆಯ ಹೆಸರು, ಗುಪ್ತಪದ, ವ್ಯಂಕಟೇಶನ ಕೋಳಿಕಾಲು ಅಕ್ಷರದಲ್ಲಿ ಎರಡೂ ಇದ್ದವು. ಬೆರಳು ಮಡಚಿ ಎಣಿಸಿದೆ. ಜುಲೈಯಲ್ಲಿ ಏಳು ದಿನ, ಆಗಸ್ಟಿನಲ್ಲಿ ಮೂವತ್ತೊಂದು, ಸೆಪ್ಟೆಂಬರಿನಲ್ಲಿ ಮೂವತ್ತು, ಇವತ್ತಿಗೆ ಅಕ್ಟೋಬರಿನ ಇಪ್ಪತ್ತು. ಒಟ್ಟು ಎಂಬತ್ತೆಂಟು. ಇನ್ನು ಎರಡು ದಿನ!

ಎಸ್‌ಟಿಡಿ ಬೂತಿನಿಂದ ವ್ಯಂಕಟೇಶನ ಮನೆಗೆ ಫೋನ್ ಹಚ್ಚಿದೆ. ಅಂಗಡಿಯ ಲೈನು ಹಬ್ಬದ ಮುಂಚಿನಿಂದ ಸತ್ತಿದೆ ಎಂದ. ಊರಲ್ಲಿ ಇಂಟರ್ನೆಟ್ ಇರುವ ಇನ್ನೊಂದು ಅಂಗಡಿಯವನು ಬಾಗಿಲು ಹಾಕಿಕೊಂಡು ತುಳಜಾಪುರಕ್ಕೆ ಹೋಗಿದ್ದಾನಂತೆ. ಲೈನ್‌ಮನ್ ನಾಳೆ ಬರುತ್ತೇನೆ ಅಂದಿದ್ದಾನಂತೆ. ನಾಳೆ ಬಾರದಿದ್ದರೆ ಅವನ ಮನೆಗೇ ಹೋಗಿ ಎಳೆದುಕೊಂಡು ಬರುತ್ತೇನೆ, ವಿಳಾಸ ತೆಗೆದಿಡು ಎಂದೆ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಕಾಕಾ ಆಗಲೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು, ತಲೆಗೆ ಹೊಸ ಟೋಪಿ. ಬೇಡ ಎನ್ನಲು ನನಗೆ ಬಾಯಿ ಎಲ್ಲಿತ್ತು? ವ್ಯಂಕಟೇಶನ ಅಂಗಡಿಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತೆವು. ಹತ್ತು ಗಂಟೆಯಾಯಿತು, ಹನ್ನೆರಡಾಯಿತು. ಕಾಕಿ ಕಟ್ಟಿಕೊಟ್ಟ ರೊಟ್ಟಿಯನ್ನು ಕಾಕಾ ಮುರಿದು ನನಗೂ ಕೊಟ್ಟರು. ನಾನು ಎರಡು ಸಲ ಟೆಲಿಫೋನ್ ಕಚೇರಿಗೆ ಹೋಗಿ ಬಂದೆ. ಎರಡನೇ ಸಲ ಏನೇನು ಮಾತಾಡಿದೆನೋ, ಒಬ್ಬ ಲೈನ್‌ಮನ್ ಏಣಿ ಹೊತ್ತು ನನ್ನ ಮುಂದೆ ಮುಂದೆ ನಡೆದುಬಂದ. ಮೂರು ಗಂಟೆಯ ಹೊತ್ತಿಗೆ ಫೋನಿಗೆ ಜೀವ ಬಂತು.

ವ್ಯಂಕಟೇಶ ತಂತಿ ಜೋಡಿಸಿದ. ಯಂತ್ರ ಕಿರುಚಿತು, ಗೊರಗುಟ್ಟಿತು, ಸುಮ್ಮನಾಯಿತು. ಲೈನು ಸಿಗಲಿಲ್ಲ. ಮತ್ತೊಮ್ಮೆ ಹಚ್ಚಿದ. ಐದನೇ ಸಲಕ್ಕೆ ಸಿಕ್ಕಿತು. ಪೆಟ್ಟಿಗೆಯ ಹೆಸರು ಹೊಡೆದೆ, ಗುಪ್ತಪದ ಹೊಡೆದೆ. ಸಾವಿರ ಬಾವಿ ಹೊಡೆದ ನಾನು ಆ ಒಂದು ಪದವನ್ನು ಡೈರಿ ನೋಡಿಕೊಂಡು ಒಂದೊಂದೇ ಅಕ್ಷರವಾಗಿ ಹೊಡೆದೆ. ಪರದೆ ಮೇಲಿನಿಂದ ಕೆಳಗೆ ಒಂದೊಂದೇ ಗೆರೆಯಾಗಿ ಇಳಿಯಿತು. ಕೊನೆಗೆ ಎರಡು ಸಾಲು ಕಂಡವು. ಎರಡೂ ನಾನೇ ನನಗೆ ಕಳಿಸಿಕೊಂಡದ್ದು, ಎರಡರ ತಾರೀಖೂ ಜುಲೈ ಇಪ್ಪತ್ನಾಲ್ಕು.

ಅವು ಪೂರ್ತಿ ಇಳಿಯಲು ಮುಕ್ಕಾಲು ತಾಸು ಹಿಡಿಯಿತು. ವ್ಯಂಕಟೇಶನ ಯಂತ್ರದಲ್ಲೂ ನನ್ನ ಅಂಗಡಿಯಲ್ಲಿದ್ದ ಕನ್ನಡ ಸಾಫ್ಟ್‌ವೇರೇ ಇತ್ತು. ಅಕ್ಷರಗಳನ್ನು ದೊಡ್ಡದು ಮಾಡಿ ಕಾಕಾನನ್ನು ಮುಂದೆ ಕೂರಿಸಿದೆ. ಅವರು ಪರದೆಗೆ ಮೂಗು ತಾಗಿಸಿ, ಬೆರಳಿಟ್ಟು ಮೆಲ್ಲಗೆ ಓದಿದರು. "ಕಡಗಂಚಿ. ಹೂಗಾರರ ಬಾವಿ. ಇಪ್ಪತ್ತೆರಡು ಮೊಳ. ಸಿಹಿ. ಮೂರನೇ ಮೆಟ್ಟಿಲು ಸಡಿಲು, ಜೋಕೆ." ಅಲ್ಲಿಗೆ ನಿಲ್ಲಿಸಿ ಟೋಪಿಯಿಂದ ಕಣ್ಣು ಒರೆಸಿಕೊಂಡರು. ಮುಂದಿನದನ್ನು ನಾನೇ ಓದಿದೆ. ಅಳೆದವನು ದೌಲತರಾಯ.

ವ್ಯಂಕಟೇಶನ ಕಡೆ ತಿರುಗಿದೆ. ನನ್ನ ಬೈಗುಳವೆಲ್ಲ ವಾಪಸ್ ತೆಗೆದುಕೊಂಡೆ ಎಂದೆ. ಅವನು ನಕ್ಕು, ಅಷ್ಟು ಇಡಲು ನಿನ್ನ ಪೆಟ್ಟಿಗೆಯಲ್ಲಿ ಜಾಗ ಎಲ್ಲಿದೆ ಅಕ್ಕಾ ಎಂದ.

ಆದರೆ ಇದ್ದದ್ದು ಎರಡೇ ತಾಲೂಕು. ಜೇವರ್ಗಿ ಟೈಪ್ ಮಾಡಿದ್ದು ಜುಲೈ ಆದ ಮೇಲೆ. ಅದನ್ನು ಕಳಿಸಿರಲಿಲ್ಲ. ಮುನ್ನೂರ ನಲವತ್ತು ಬಾವಿಗಳು ಎಲ್ಲಿಯೂ ಇರಲಿಲ್ಲ. ಅದು ಕಾಕಾನಿಗೂ ಗೊತ್ತಿತ್ತು, ಬೆಂಚಿನ ಮೇಲೆ ಕೂತಾಗಲೇ ಗೊತ್ತಿತ್ತು. ವಾಪಸ್ ಬಸ್ಸು ಹಿಡಿದೆವು. ಕಡಗಂಚಿಯಲ್ಲಿ ಬಸ್ಸು ನಿಂತಾಗ ಅವರು ಕಿಟಕಿಯ ಕಡೆ ತಿರುಗಿದರು.

"ನನ್ನ ಕಣ್ಣು ಇನ್ನೊಂದು ವರ್ಷ ಸಾಥ್ ಕೊಡ್ತಾವ. ದಾರಿ ನನಗ ಗೊತ್ತದ, ಗಂಟು ಕಾಣಂಗಿಲ್ಲ. ನೀ ಗಂಟು ಎಣಸ್ತೀ ಏನು?"

ಬಾವಿಯೊಳಗೆ ಇಣುಕಿದರೆ ನನಗೆ ತಲೆ ತಿರುಗುತ್ತದೆ. ಅದನ್ನು ಅವರಿಗೆ ಹೇಳಲಿಲ್ಲ.

"ಎಣಸ್ತೇನ್ರಿ ಕಾಕಾ" ಎಂದೆ.

ಈಗ ಸೋಮವಾರ ಅಂಗಡಿಗೆ ರಜೆ. ಬಸ್ಸಿನಲ್ಲಿ ಹೋಗುತ್ತೇವೆ, ಬಸ್ಸು ಇಲ್ಲದ ಕಡೆ ಸಿಕ್ಕ ಟೆಂಪೋ ಹತ್ತುತ್ತೇವೆ. ಹೊಸ ವಹಿಗೆ ಕಾಕಿ ಅರಿವೆಯ ಹೊದಿಕೆ ಹೊಲಿದಿದ್ದಾರೆ, ಅದು ಅವರ ಟ್ರಂಕಿನಲ್ಲಿ ಬೀಗದೊಳಗೆ ಇರುತ್ತದೆ. ಯಾವ ನದಿಗೂ ಅದನ್ನು ಕೊಡುವುದಿಲ್ಲ ಎಂದು ಕಾಕಿ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಅಮಾವಾಸ್ಯೆಗೆ ಅವರು ಘತ್ತರಗಿಗೆ ಹೋದರೆ ನಾನು ಗುಲಬರ್ಗಾಕ್ಕೆ ಹೋಗಿ, ಆ ತಿಂಗಳ ಬಾವಿಗಳನ್ನು ಕಳಿಸಿ, ಹಳೆಯ ಪೆಟ್ಟಿಗೆ ತೆರೆದು ನೋಡಿ ಬರುತ್ತೇನೆ. ತೊಂಬತ್ತು ದಿನದ ಮಾತೇ ಇಲ್ಲ ಈಗ.

ಮೊದಲ ಸೋಮವಾರದ ಬಗ್ಗೆ ಹೇಳಿ ಮುಗಿಸುತ್ತೇನೆ. ಜೇವರ್ಗಿಯ ಊರ ಹೊರಗೆ ಕುಂಬಾರರ ಬಾವಿ, ಬೇವಿನ ಮರದ ಕೆಳಗೆ. ಹಗ್ಗ ಬಿಡುವ ಮೊದಲೇ ಕಾಕಾ, ನಾನು ಅಳೆದಾಗ ಇದು ಇಪ್ಪತ್ತೇಳು ಮೊಳ ಇತ್ತು ಎಂದು ನೆನಪಿನಿಂದಲೇ ಹೇಳಿದರು. ಗುಂಡು ಇಳಿಬಿಟ್ಟೆ. ಕಣ್ಣು ಮುಚ್ಚಿಕೊಂಡು ಸದ್ದಿಗೆ ಕಾದೆ. ಕೇಳಿದ ಕೂಡಲೇ ಹಗ್ಗ ಹಿಡಿದು ಎಳೆದು, ಗಂಟು ಎಣಿಸಿದೆ. ಇಪ್ಪತ್ತಾರು ಬಂತು. ತಪ್ಪಾಯಿತೇನೋ ಎಂದು ಮತ್ತೊಮ್ಮೆ ಬಿಟ್ಟೆ. ಇಪ್ಪತ್ತಾರೇ. ಕಾಕಾ ಹಗ್ಗ ತೆಗೆದುಕೊಂಡು ತಾವೂ ಬೆರಳಿನಿಂದ ಗಂಟು ತಡವಿದರು.

"ನೀರು ಒಂದು ಮೊಳ ಮ್ಯಾಲ ಬಂದದ" ಎಂದರು. ಅವರ ಮುಖದ ತುಂಬ ನಗು. ವಹಿ ಭೀಮಾ ಪಾಲಾಗದೆ ಇದ್ದಿದ್ದರೆ ಇಲ್ಲಿಗೆ ಮತ್ತೆ ಬರುತ್ತಿರಲಿಲ್ಲ, ಬಾರದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ ಎಂದೂ ಹೇಳಿದರು. ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ್ದಿರಬೇಕು, ಆದರೆ ಮಾತು ಖರೆಯೇ ಆಗಿತ್ತು.

ಒಂದು ಬೊಗಸೆ ನೀರು ಕುಡಿದೆವು. ಸಿಹಿ. ಕಟ್ಟೆಯ ಮೇಲೆ ಕೂತು ಬರೆದೆ. ಊರು, ಬಾವಿಯ ಹೆಸರು, ಮೊಳ, ರುಚಿ. ಕೊನೆಗೆ ರೂಢಿಯ ಮೇಲೆ ‘ಅಳೆದವನು ದೌಲತರಾಯ’ ಎಂದು ಬರೆದು, ಗಟ್ಟಿಯಾಗಿ ಓದಿ ಹೇಳಿದೆ. ಕಾಕಾ ಕೈ ಅಡ್ಡ ಹಿಡಿದರು.

"ಸುಳ್ಳು ಬರೀಬ್ಯಾಡ. ಗಂಟು ಎಣಿಸಿದಾಕಿ ನೀನು. ನಾಳೆ ತಪ್ಪು ಸಿಕ್ರ ಯಾರನ್ನ ಕೇಳಬೇಕು?"

ಆ ಸಾಲನ್ನು ಹೊಡೆದುಹಾಕಿ, ಕೆಳಗೆ ಮತ್ತೆ ಬರೆದೆ. ಅಳೆದವರು ದೌಲತರಾಯ, ಶಿವಕಾಂತಾ.